ರಿಪೋರ್ಟ್‌ನಲ್ಲಿ ‘ನ್ಯೂಕ್ಲಿಯಸ್ ದೊಡ್ಡದಾಗಿದೆ’ ಅಂತಿದೆ, ಇದು ಕ್ಯಾನ್ಸರಾ ಡಾಕ್ಟ್ರೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಅಡಿಕೆ ತೋಟದ ಮನೆ. ನಮ್ಮ ಅಪ್ಪಯ್ಯನಿಗೆ 61 ವರ್ಷ. ದಿನಕ್ಕೆ ಏಳೆಂಟು ಸಲ ಎಲೆ ಅಡಿಕೆ (ಕವಳ) ಹಾಕುತ್ತಾರೆ. ಹೊಗೆಸೊಪ್ಪು ಮುಟ್ಟಿದವರಲ್ಲ, ಬೀಡಿ ಸಿಗರೇಟೂ ಇಲ್ಲ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿತು. ಶಿವಮೊಗ್ಗದಲ್ಲಿ ತೋರಿಸಿದೆವು, ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್‌ನಲ್ಲಿ ‘ನ್ಯೂಕ್ಲಿಯಸ್‌ಗಳು ದೊಡ್ಡದಾಗಿವೆ, ಗಾಢ ಬಣ್ಣ ಹಿಡಿದಿವೆ, ಕೆಳಗಿನ ಮೂರನೇ ಒಂದು ಭಾಗಕ್ಕೆ ಸೀಮಿತ, ಮೈಲ್ಡ್ ಡಿಸ್‌ಪ್ಲೇಸಿಯಾ, ಬೇಸ್‌ಮೆಂಟ್ ಮೆಂಬ್ರೇನ್ ಇಂಟ್ಯಾಕ್ಟ್’ ಅಂತಿದೆ. ನನ್ನ ಮಗ ಸೆಕೆಂಡ್ ಪಿಯುಸಿ ಸೈನ್ಸ್. ‘ನ್ಯೂಕ್ಲಿಯಸ್ ಅಂದ್ರೆ ಜೀವಕೋಶದ ಮೆದುಳು ಅಮ್ಮಾ, ಅದೇ ಕೆಟ್ಟಿದೆ ಅಂದ್ರೆ ಮುಗೀತು’ ಅಂತ ಹೆದರಿಸಿಬಿಟ್ಟ. ಪಕ್ಕದ ಮನೆಯವರು ‘ಕತ್ತರಿ ತಾಗಿಸಿದ್ದೇ ತಪ್ಪು, ಇನ್ನು ಹರಡುತ್ತೆ’ ಅಂತಾರೆ. ನಾದಿನಿ ಡಿಎನ್‌ಎ ರಿಪೇರಿ ಮಾಡುವ ಕ್ಯಾಪ್ಸೂಲ್ ಆರ್ಡರ್ ಮಾಡಿದ್ದಾಳೆ. ಅಪ್ಪಯ್ಯ ಮಾತ್ರ ‘ನಮ್ಮಪ್ಪ ಸಾಯೋವರೆಗೂ ಕವಳ ಹಾಕಿದ್ರು, ಮನೆಯಲ್ಲೇ ಬೇಯಿಸಿದ ಅಡಿಕೆ ಏನೂ ಮಾಡಲ್ಲ’ ಅಂತ ಆರಾಮಾಗಿದ್ದಾರೆ. ಇದು ಕ್ಯಾನ್ಸರಾ? ನ್ಯೂಕ್ಲಿಯಸ್‌ನಲ್ಲಿ ವಂಶವಾಹಿ ಇರುತ್ತಲ್ಲ, ನನ್ನ ಮಗನಿಗೂ ಬರುತ್ತಾ? ಮುಂದೇನು ಮಾಡಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದ ಸಾಲುಗಳ ಪ್ರಕಾರ ಇದು ಕ್ಯಾನ್ಸರ್ ಅಲ್ಲ. ನಿಮ್ಮ ಮಗ ಹೆದರಿದಷ್ಟು ಹೆದರಬೇಕಾಗಿಲ್ಲ. ಆದರೆ ನಿಮ್ಮ ಅಪ್ಪಯ್ಯ ಇದ್ದಷ್ಟು ಆರಾಮಾಗಿಯೂ ಇರುವಂತಿಲ್ಲ. ಇಬ್ಬರಲ್ಲಿ ನನಗೆ ಜಾಸ್ತಿ ಚಿಂತೆ ಅಪ್ಪಯ್ಯನದೇ.

ನಾನು ಪೆಥಾಲಜಿಸ್ಟ್. ರೋಗಿಗಳು ನನ್ನ ಮುಖ ನೋಡುವುದು ಕಡಿಮೆ, ನಾನು ನೋಡುವುದು ಅವರ ಜೀವಕೋಶಗಳನ್ನು. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ಬಾಯಿಯ ಬಯಾಪ್ಸಿಗಳಲ್ಲಿ ಇಂಥ ವಾಕ್ಯ ನಾನೇ ಎಷ್ಟೋ ಸಲ ಬರೆದಿದ್ದೇನೆ. ಅದು ಇನ್ನೊಬ್ಬ ಡಾಕ್ಟರಿಗೆ ಅಂತ ಬರೆದ ವಾಕ್ಯ. ಮನೆಯಲ್ಲಿ ಕೂತು ಓದಿದರೆ ‘ದೊಡ್ಡದು’, ‘ಗಾಢ’ ಅನ್ನುವ ಪದಗಳೇ ಕಣ್ಣಿಗೆ ಹೊಡೆಯುತ್ತವೆ. ಕೊನೆಯಲ್ಲಿರುವ ‘ಬೇಸ್‌ಮೆಂಟ್ ಮೆಂಬ್ರೇನ್ ಇಂಟ್ಯಾಕ್ಟ್’ ಅನ್ನುವುದನ್ನು ಯಾರೂ ಓದುವುದಿಲ್ಲ. ಇಡೀ ರಿಪೋರ್ಟ್‌ನಲ್ಲಿ ನಾನು ಮೊದಲು ಹುಡುಕುವುದು ಅದನ್ನೇ. ಅದರ ಬಗ್ಗೆ ಸ್ವಲ್ಪ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ನ್ಯೂಕ್ಲಿಯಸ್ ಏನು ಅಂತ ಸರಿಯಾಗಿ ನೋಡೋಣ. ನಿಮ್ಮ ಹೆದರಿಕೆಯ ಬೇರು ಇರುವುದು ಅಲ್ಲೇ.

ನಿಮ್ಮ ಮಗ ಹೇಳಿದ ‘ಜೀವಕೋಶದ ಮೆದುಳು’ ಎಷ್ಟೋ ಪಾಠಗಳಲ್ಲಿ ಬರುವ ಮಾತು. ಪರೀಕ್ಷೆಗೆ ಸಾಕು, ರಿಪೋರ್ಟ್ ಓದಲು ಸಾಲದು. ಮೆದುಳು ಯೋಚಿಸುತ್ತದೆ, ಆಜ್ಞೆ ಕೊಡುತ್ತದೆ. ನ್ಯೂಕ್ಲಿಯಸ್ ಯೋಚಿಸುವುದಿಲ್ಲ. ನಮ್ಮ ಕಡೆ ಹಳೇ ಮನೆಗಳಲ್ಲಿ ಜಮೀನಿನ ಮೂಲಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರಲ್ಲ, ಬ್ಯಾಂಕಿಗೋ ತಾಲ್ಲೂಕಾಫೀಸಿಗೋ ಬೇಕಾದರೆ ಜೆರಾಕ್ಸ್ ಮಾತ್ರ ಹೊರಗೆ ಹೋಗುತ್ತದಲ್ಲ, ನ್ಯೂಕ್ಲಿಯಸ್ ಆ ಪೆಟ್ಟಿಗೆ. ಮೂಲಪತ್ರ ಅಂದರೆ ಡಿಎನ್‌ಎ. ಜೆರಾಕ್ಸ್ ಅಂದರೆ ಆರ್‌ಎನ್‌ಎ. ಕೆಲಸ ನಡೆಯುವುದೆಲ್ಲ ಹೊರಗೆ, ನ್ಯೂಕ್ಲಿಯಸ್ಸಿನ ಸುತ್ತ ತುಂಬಿರುವ ಸೈಟೋಪ್ಲಾಸಂನಲ್ಲಿ. ಯಾವ ಪುಟದ ಪ್ರತಿ ಬೇಕು, ಎಷ್ಟು ಬೇಕು, ಯಾವಾಗ ಬೇಕು ಅನ್ನುವ ಬೇಡಿಕೆ ಕೂಡ ಬಹುಪಾಲು ಹೊರಗಿನಿಂದಲೇ ಬರುತ್ತದೆ.

ಈ ಮಾತಿಗೆ ಒಂದು ದೊಡ್ಡ ಸಾಕ್ಷಿ ಇದೆ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಕುರಿಯ ಹೆಸರು ನಿಮ್ಮ ಮಗ ಕೇಳಿರಬಹುದು. ದೊಡ್ಡ ಕುರಿಯ ಕೆಚ್ಚಲಿನ ಒಂದು ಜೀವಕೋಶದ ನ್ಯೂಕ್ಲಿಯಸ್ಸನ್ನು, ತನ್ನ ನ್ಯೂಕ್ಲಿಯಸ್ ತೆಗೆಸಿಕೊಂಡ ಒಂದು ಅಂಡಾಣುವಿನೊಳಗೆ ಸೇರಿಸಿದರು. ಕೆಚ್ಚಲಿನಲ್ಲಿದ್ದಾಗ ಆ ನ್ಯೂಕ್ಲಿಯಸ್ ಕೆಚ್ಚಲಿನ ಕೆಲಸವನ್ನಷ್ಟೇ ಮಾಡುತ್ತಿತ್ತು. ಅಂಡಾಣುವಿನೊಳಗೆ ಹೋದದ್ದೇ, ಅದೇ ಡಿಎನ್‌ಎ ಇಡೀ ಕುರಿಮರಿಯನ್ನು ಕಟ್ಟಿತು. ಡಿಎನ್‌ಎಯ ಬರಹ ಬದಲಾಗಿರಲಿಲ್ಲ. ಸುತ್ತಲಿನ ಪರಿಸರ ಬದಲಾಗಿತ್ತು, ಅಷ್ಟೇ. ನ್ಯೂಕ್ಲಿಯಸ್ ತನ್ನ ಸುತ್ತ ಏನಿದೆ ಅನ್ನುವುದಕ್ಕೆ ತಕ್ಕಂತೆ ನಡೆಯುತ್ತದೆ. ನಿಮ್ಮ ಅಪ್ಪಯ್ಯನ ಗೆನ್ನೆಯ ವಿಷಯದಲ್ಲಿ ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದಹಾಗೆ, ಗಿಡಗಳ ಜೀವಕೋಶದೊಳಗಿನ ಈ ಗುಂಡನೆಯ ವಸ್ತುವಿಗೆ ನ್ಯೂಕ್ಲಿಯಸ್ ಅನ್ನುವ ಹೆಸರು ಬಿದ್ದದ್ದು 1831ರಲ್ಲಿ. ರಾಬರ್ಟ್ ಬ್ರೌನ್ ಅನ್ನುವ ಸ್ಕಾಟಿಷ್ ಸಸ್ಯವಿಜ್ಞಾನಿ ಅದನ್ನು ಗಮನಿಸಿ ವಿವರಿಸಿದ್ದು ಆರ್ಕಿಡ್ ಗಿಡಗಳಲ್ಲಿ. ಮಳೆಗಾಲದ ಹೊತ್ತಿಗೆ ನಮ್ಮ ಮರಗಳ ಮೇಲೆ ತೂಗುವ ಸೀತಾಳೆ ದಂಡೆಯೂ ಅದೇ ಆರ್ಕಿಡ್ ಕುಟುಂಬದ್ದು.

ಈಗ ಪೆಟ್ಟಿಗೆಯ ಒಳಗೆ ನೋಡೋಣ. ನ್ಯೂಕ್ಲಿಯಸ್ಸಿನ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಐದರಿಂದ ಹತ್ತು ಭಾಗ. ಅಷ್ಟರೊಳಗೆ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ, 46 ವರ್ಣತಂತುಗಳಾಗಿ. ಇಷ್ಟು ಉದ್ದದ ಎಳೆ ಸಿಕ್ಕಾಗದೆ ಇರಲು ಅದು ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಹೀಗೆ ಸುತ್ತಿಕೊಂಡ ರಾಶಿಗೆ ಕ್ರೊಮ್ಯಾಟಿನ್ ಅಂತ ಹೆಸರು. ಬಳಕೆಯಲ್ಲಿರುವ ಭಾಗ ಸಡಿಲವಾಗಿರುತ್ತದೆ, ಬಳಕೆಯಲ್ಲಿಲ್ಲದ ಭಾಗ ಬಿಗಿಯಾಗಿರುತ್ತದೆ. ಸುತ್ತ ಎರಡು ಪದರದ ಪೊರೆ. ಪೊರೆಯಲ್ಲಿ ಸಾವಿರಾರು ರಂಧ್ರಗಳು. ಸಣ್ಣ ಅಣುಗಳು ಸುಮ್ನೆ ದಾಟುತ್ತವೆ. ದೊಡ್ಡ ಪ್ರೋಟೀನಿಗೆ ಒಳಗೆ ಹೋಗಲು ಅದರದೇ ಗುರುತು ಬೇಕು. ಪೊರೆಯ ಒಳಮೈಗೆ ಲ್ಯಾಮಿನ್ ಅನ್ನುವ ಪ್ರೋಟೀನಿನ ಬಲೆ ಒತ್ತಿಕೊಂಡಿದೆ. ನ್ಯೂಕ್ಲಿಯಸ್ ದುಂಡಗೆ, ನಯವಾಗಿ ಕಾಣಲು ಅದು ಮುಖ್ಯ ಕಾರಣ. ಮಧ್ಯದಲ್ಲೋ ಬದಿಯಲ್ಲೋ ಕಪ್ಪು ಚುಕ್ಕೆಯಂತೆ ನ್ಯೂಕ್ಲಿಯೋಲಸ್ ಕಾಣುತ್ತದೆ. ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು ಹುಟ್ಟುವುದು ಅಲ್ಲಿ. ಕೆಲಸ ಜಾಸ್ತಿ ಇರುವ ಜೀವಕೋಶದಲ್ಲಿ ಈ ಚುಕ್ಕೆ ದೊಡ್ಡದಾಗುತ್ತದೆ.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಡಿಎನ್‌ಎ ಎಲ್ಲವೂ ನ್ಯೂಕ್ಲಿಯಸ್‌ನಲ್ಲೇ ಇಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲೂ ಸ್ವಲ್ಪ ಇದೆ, 37 ಜೀನ್‌ಗಳಷ್ಟು. ಇನ್ನು ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ. ಬಲಿಯುವಾಗ ಅದನ್ನು ಹೊರಗೆ ಹಾಕಿಬಿಡುತ್ತದೆ. ಆಮೇಲೂ ಸುಮಾರು 120 ದಿನ ದುಡಿಯುತ್ತದೆ. ‘ಮೆದುಳು’ ಇಲ್ಲದೆ ಅಷ್ಟು ದಿನ ಕೆಲಸ ಮಾಡಲು ಆಗುತ್ತಾ?

ಸರಿ, ನ್ಯೂಕ್ಲಿಯಸ್ ದೊಡ್ಡದಾಗುವುದು ಯಾಕೆ?

ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ಎರಡು ಪ್ರತಿ ಮಾಡಿಕೊಳ್ಳಬೇಕು. ಆಗ ನ್ಯೂಕ್ಲಿಯಸ್ ಉಬ್ಬುತ್ತದೆ. ಇದು ಆರೋಗ್ಯವಂತರಲ್ಲೂ ದಿನವೂ ನಡೆಯುವ ಕೆಲಸ. ಗೆನ್ನೆಯ ಒಳಪದರ ಕೆಲವೇ ವಾರಗಳಲ್ಲಿ ಪೂರ್ತಿ ಹೊಸದಾಗುತ್ತದೆ. ತಳದಲ್ಲಿ ಹೊಸ ಜೀವಕೋಶ ಹುಟ್ಟಿ, ಮೇಲೆ ಮೇಲೆ ಸರಿದು, ಕೊನೆಗೆ ಉದುರಿ ಎಂಜಲಲ್ಲಿ ಹೋಗುತ್ತದೆ. ತಳದ ಜೀವಕೋಶಗಳಲ್ಲಿ ನ್ಯೂಕ್ಲಿಯಸ್ ದೊಡ್ಡದು, ಸುತ್ತಲಿನ ಜಾಗ ಕಡಿಮೆ. ಮೇಲೆ ಬರುತ್ತಾ ಜೀವಕೋಶ ಹರಡಿಕೊಳ್ಳುತ್ತದೆ, ನ್ಯೂಕ್ಲಿಯಸ್ ಕುಗ್ಗುತ್ತದೆ. ಪಿಯುಸಿ ಲ್ಯಾಬಿನಲ್ಲಿ ಕಡ್ಡಿಯಿಂದ ಗೆನ್ನೆ ಕೆರೆದು, ನೀಲಿ ಬಣ್ಣ ಹಾಕಿ ನೋಡುತ್ತಾರಲ್ಲ, ಅಗಲವಾದ ಜೀವಕೋಶದ ನಡುವೆ ಒಂದು ಪುಟ್ಟ ಚುಕ್ಕೆ, ಅವು ಈ ಮೇಲಿನ ಪದರದವು.

ಅಂದರೆ ‘ದೊಡ್ಡ ನ್ಯೂಕ್ಲಿಯಸ್’ ಅನ್ನುವುದಕ್ಕೆ ಒಂಟಿಯಾಗಿ ಅರ್ಥವೇ ಇಲ್ಲ. ಎಲ್ಲಿ ದೊಡ್ಡದು, ಹೇಗೆ ದೊಡ್ಡದು, ಅಕ್ಕಪಕ್ಕದವು ಹೇಗಿವೆ ಅಂತ ನೋಡಬೇಕು. ನಾವು ಗಂಟೆಗಟ್ಟಲೆ ಕಣ್ಣು ಕೀಲಿಸಿ ಕೂರುವುದು ಇದಕ್ಕೇ.

ಹಲ್ಲಿನ ಚೂಪು ತುದಿ ದಿನವೂ ಗೆನ್ನೆಗೆ ತಾಗಿ ಹುಣ್ಣಾಗಿದೆ ಅಂದುಕೊಳ್ಳಿ. ಅದು ಮಾಯುವಾಗ ಜೀವಕೋಶಗಳು ಬೇಗ ಬೇಗ ಎರಡಾಗುತ್ತವೆ. ನ್ಯೂಕ್ಲಿಯಸ್ ದೊಡ್ಡದಾಗುತ್ತದೆ, ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ. ಆದರೆ ಅಂಚು ನಯವಾಗಿರುತ್ತದೆ, ಬಣ್ಣ ತಿಳಿಯಾಗಿರುತ್ತದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಬಾಯಲ್ಲಿ ಬೆಳೆದರೂ ಹೀಗಾಗುತ್ತದೆ. ವಿಟಮಿನ್ ಬಿ12 ತುಂಬಾ ಕಡಿಮೆಯಾದರೆ ಡಿಎನ್‌ಎ ಪ್ರತಿ ಮಾಡುವ ಕೆಲಸ ಕುಂಟುತ್ತದೆ, ಆಗಲೂ ಬಾಯಿಯ ಜೀವಕೋಶಗಳ ನ್ಯೂಕ್ಲಿಯಸ್ ಊದಿಕೊಳ್ಳುತ್ತದೆ. ಮಾಂಸ, ಮೀನು, ಮೊಟ್ಟೆ ತಿನ್ನದವರಲ್ಲಿ, ಹಾಲು ಮೊಸರೂ ಕಡಿಮೆ ಇದ್ದರೆ, ಇದನ್ನು ಮರೆಯಬಾರದು. ಇವೆಲ್ಲ ಕಾರಣ ಸರಿಯಾದರೆ ಹಿಂದಕ್ಕೆ ಹೋಗುವ ಬದಲಾವಣೆಗಳು.

ಡಿಸ್‌ಪ್ಲೇಸಿಯಾ ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದಂಥ ಜೀವಕೋಶಗಳ ಏರುಪೇರು. ಅದರಲ್ಲಿ ಚಿತ್ರ ಬೇರೆ. ಅಲ್ಲಿ ನ್ಯೂಕ್ಲಿಯಸ್ ದೊಡ್ಡದಷ್ಟೇ ಅಲ್ಲ, ಒಂದರಂತೆ ಇನ್ನೊಂದಿಲ್ಲ. ಅಂಚು ಅಂಕುಡೊಂಕು. ಕ್ರೊಮ್ಯಾಟಿನ್ ಅಲ್ಲಲ್ಲಿ ಮುದ್ದೆಗಟ್ಟಿರುತ್ತದೆ. ಬಣ್ಣ ಗಾಢ. ಯಾಕೆ ಗಾಢ ಅಂದರೆ, ನಾವು ಬಳಸುವ ಹೆಮಟಾಕ್ಸಿಲಿನ್ ಅನ್ನುವ ಬಣ್ಣ ಪಟಿಕದ ಜೊತೆ ಸೇರಿ ಡಿಎನ್‌ಎಗೆ ಅಂಟುತ್ತದೆ. ಡಿಎನ್‌ಎ ಹೆಚ್ಚಿದ್ದಷ್ಟೂ, ಬಿಗಿಯಾಗಿದ್ದಷ್ಟೂ ನೀಲಿ ಗಾಢವಾಗುತ್ತದೆ. (ಈ ಬಣ್ಣ ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ತೆಗೆಯುವಂಥದ್ದು. ಇಷ್ಟೆಲ್ಲ ಯಂತ್ರ ಬಂದರೂ ಪ್ರಪಂಚದ ಹೆಚ್ಚಿನ ಕ್ಯಾನ್ಸರ್ ತೀರ್ಮಾನಗಳು ಇವತ್ತಿಗೂ ಒಂದು ಮರದ ಬಣ್ಣದ ಮೇಲೆ ನಿಂತಿವೆ. ನನಗಂತೂ ಇದು ಸೋಜಿಗ.) ಗಾಢ ಬಣ್ಣ ಅಂದರೆ ಆ ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎಯ ಲೆಕ್ಕ ತಪ್ಪಿರಬಹುದು, 46ರ ಬದಲು ಇನ್ನೆಷ್ಟೋ ವರ್ಣತಂತು ಸೇರಿರಬಹುದು ಅನ್ನುವ ಸುಳಿವು.

ಇನ್ನೊಂದು ವಿಷಯ ಮೈಕ್ರೋನ್ಯೂಕ್ಲಿಯಸ್. ಜೀವಕೋಶ ಎರಡಾಗುವಾಗ ಒಂದು ವರ್ಣತಂತುವೋ ಅದರ ತುಂಡೋ ಹಿಂದೆ ಉಳಿದುಬಿಟ್ಟರೆ, ಅದು ತನ್ನದೇ ಪುಟ್ಟ ಪೊರೆ ಸುತ್ತಿಕೊಂಡು ಪಕ್ಕದಲ್ಲಿ ಮರಿ ನ್ಯೂಕ್ಲಿಯಸ್ ಥರ ಕೂರುತ್ತದೆ. ಅಡಿಕೆ ಜಗಿಯುವವರ ಗೆನ್ನೆಯ ಜೀವಕೋಶಗಳಲ್ಲಿ ಇವು ಜಗಿಯದವರಿಗಿಂತ ಜಾಸ್ತಿ ಸಿಗುತ್ತವೆ. ವರ್ಣತಂತುಗಳಿಗೆ ಪೆಟ್ಟು ಬೀಳುತ್ತಿದೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಇದು.

ಈಗ ‘ಮೈಲ್ಡ್’ ಮತ್ತು ‘ಕೆಳಗಿನ ಮೂರನೇ ಒಂದು ಭಾಗ’. ಒಳಪದರದ ದಪ್ಪವನ್ನು ಮೂರು ಪಾಲು ಮಾಡಿಕೊಳ್ಳಿ. ಏರುಪೇರು ತಳದ ಪಾಲಿನಲ್ಲಷ್ಟೇ ಇದ್ದರೆ ಮೈಲ್ಡ್. ನಡುವಿನ ಪಾಲಿಗೂ ಏರಿದರೆ ಮಾಡರೇಟ್. ಮೇಲಿನ ಪಾಲಿಗೂ ಏರಿದರೆ ಸಿವಿಯರ್. ನ್ಯೂಕ್ಲಿಯಸ್ ಎಷ್ಟು ಕೆಟ್ಟದಾಗಿ ಕಾಣುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಈ ಮೂರರಲ್ಲೂ ತಳದ ಗೋಡೆ, ಅಂದರೆ ಬೇಸ್‌ಮೆಂಟ್ ಮೆಂಬ್ರೇನ್, ಒಡೆದಿರುವುದಿಲ್ಲ. ಜೀವಕೋಶಗಳು ಅದನ್ನು ಒಡೆದು ಕೆಳಗಿನ ಮಾಂಸಕ್ಕೆ ಇಳಿದರೆ ಮಾತ್ರ ನಾವು ಕ್ಯಾನ್ಸರ್ ಅನ್ನುವುದು. ನಿಮ್ಮ ರಿಪೋರ್ಟ್‌ನಲ್ಲಿ ಗೋಡೆ ಇಂಟ್ಯಾಕ್ಟ್, ಅಂದರೆ ಒಡೆಯದೆ, ಇದೆ. ನಾನು ‘ಕ್ಯಾನ್ಸರ್ ಅಲ್ಲ’ ಅಂದದ್ದು ಈ ಆಧಾರದ ಮೇಲೆ.

ಒಂದು ಒಳಮಾತು ಹೇಳಲೇಬೇಕು. ಈ ಮೈಲ್ಡ್, ಮಾಡರೇಟ್ ಅನ್ನುವ ಗೆರೆಗಳು ಅಳತೆಪಟ್ಟಿ ಹಿಡಿದು ಹಾಕಿದ್ದಲ್ಲ. ಒಂದೇ ಸ್ಲೈಡ್ ನೋಡಿ ಇಬ್ಬರು ಅನುಭವಿ ಪೆಥಾಲಜಿಸ್ಟ್‌ಗಳು ಬೇರೆ ಬೇರೆ ಗ್ರೇಡ್ ಕೊಡುವುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮೈಲ್ಡ್ ಯಾವುದು, ಬರೀ ಹುಣ್ಣು ಮಾಯುವಾಗಿನ ಬದಲಾವಣೆ ಯಾವುದು ಅಂತ ಬೇರ್ಪಡಿಸುವುದಂತೂ ಇನ್ನೂ ಕಷ್ಟ. ಅದಕ್ಕೇ ಕಾರಣ ತೆಗೆದು, ಕೆಲವು ವಾರ ಬಿಟ್ಟು, ಮತ್ತೆ ನೋಡಬೇಕು ಅನ್ನುವುದು.

ಇನ್ನು ಪಕ್ಕದ ಮನೆಯವರ ಮಾತು. ಬಾಯಿಯಲ್ಲಿ ಸಣ್ಣ ಚೂರು ತೆಗೆದದ್ದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ನಿಮ್ಮ ಅಪ್ಪಯ್ಯನ ವಿಷಯದಲ್ಲಿ ಹರಡಲು ಅಲ್ಲಿ ಕ್ಯಾನ್ಸರೇ ಇರಲಿಲ್ಲ. ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣ ಇದೆ. ತುಂಬಾ ಜನ ಗಂಟು ಬಲಿತ ಮೇಲೆ, ನೋವು ಶುರುವಾದ ಮೇಲೆ ಬರುತ್ತಾರೆ. ಬಯಾಪ್ಸಿ ಆಗುತ್ತದೆ, ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಾರೆ. ಊರವರಿಗೆ ಕಂಡದ್ದು ಕತ್ತರಿ. ಅದಕ್ಕೂ ಮೊದಲು ವರ್ಷಗಟ್ಟಲೆ ಒಳಗೇ ನಡೆದದ್ದು ಕಾಣಲಿಲ್ಲ.

ನಿಮ್ಮ ಮಗನಿಗೆ ಇದು ವಂಶದಿಂದ ಬರುತ್ತಾ ಅಂದರೆ, ಇಲ್ಲ. ನ್ಯೂಕ್ಲಿಯಸ್‌ನಲ್ಲಿ ವಂಶವಾಹಿ ಇರುವುದು ನಿಜ. ಆದರೆ ಗೆನ್ನೆಯ ಜೀವಕೋಶದ ಡಿಎನ್‌ಎಗೆ ಬಿದ್ದ ಪೆಟ್ಟು ಗೆನ್ನೆಯಲ್ಲೇ ಉಳಿಯುತ್ತದೆ. ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುಗಳ ಡಿಎನ್‌ಎ ಮಾತ್ರ. ಅದೂ ಅಲ್ಲದೆ ನೀವು ಹುಟ್ಟಿ ಎಷ್ಟೋ ವರ್ಷಗಳಾದ ಮೇಲೆ ಬಂದ ಮಚ್ಚೆ ಇದು. ಮೊಮ್ಮಗನಿಗೆ ಅಜ್ಜನಿಂದ ಬರಬಹುದಾದದ್ದು ಅಭ್ಯಾಸ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತವರ ಬಾಯಲ್ಲೆಲ್ಲ ಕವಳ ಇರುತ್ತದೆ, ಪಕ್ಕದಲ್ಲಿ ಕೂತ ಹುಡುಗರೂ ಒಂದು ಚೂರು ಹಾಕಿಕೊಳ್ಳುತ್ತಾರೆ. ಅಲ್ಲಿ ಎಚ್ಚರ ಇರಲಿ.

ಈಗ ಅಡಿಕೆ. ಇದನ್ನು ಬರೆಯುವುದು ನನಗೂ ಸುಲಭ ಅಲ್ಲ. ನಮ್ಮದೂ ತೋಟದ ಮನೆಯೇ. ನಾನು ಓದಿದ್ದು ಅಡಿಕೆ ದುಡ್ಡಿನಲ್ಲಿ. ಶಿವಮೊಗ್ಗ ಮಂಡಿಯಲ್ಲಿ ರಾಶಿ ಇಡಿಯ ರೇಟು ಇಳಿದರೆ ನಮ್ಮ ಮನೆಯಲ್ಲೂ ಮಾತು ಕಡಿಮೆಯಾಗುತ್ತದೆ. ಹಾಗಂತ ಸ್ಲೈಡಿನಲ್ಲಿ ಕಾಣುವುದನ್ನು ಕಾಣಲಿಲ್ಲ ಅನ್ನಲು ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲು 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ಹೇಳಿತು. ಆಗ ಎಲ್ಲರೂ ‘ನೋಡಿ, ಹೊಗೆಸೊಪ್ಪಿನದೇ ತಪ್ಪು’ ಅಂದುಕೊಂಡರು. ತೈವಾನ್‌ನಲ್ಲಿ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ರೂಢಿ ಇಲ್ಲ. ಆದರೂ ಅಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ. ಇಂಥ ಸಾಕ್ಷ್ಯಗಳನ್ನೆಲ್ಲ ಸೇರಿಸಿ ನೋಡಿ, 2004ರಲ್ಲಿ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿದರು. ಮೊದಲ ಗುಂಪು ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಸಾಕ್ಷ್ಯ ಇದೆ ಅಂತ. ಎಷ್ಟು ಜನರಿಗೆ ಬರುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಎರಡೂ ಕಡೆಯವರು ಜಗಳವಾಡುತ್ತಾರೆ.

ಕೆಲಸ ನಡೆಯುವುದು ಹೀಗೆ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಕವಳ ಹಾಕಿದಾಗ ಬರುವ ಬಿಸಿ, ಚುರುಕು, ಅಭ್ಯಾಸ ಎಲ್ಲ ಅದರದೇ. ಬಾಯಲ್ಲಿ ಅದರಿಂದ ನೈಟ್ರೋಸಮೈನ್‌ಗಳು ಹುಟ್ಟುತ್ತವೆ, ಇವು ಡಿಎನ್‌ಎಗೆ ಅಂಟಿಕೊಂಡು ಬರಹ ಕೆಡಿಸುತ್ತವೆ. ಸುಣ್ಣ ಸೇರಿದಾಗ ಅಡಿಕೆಯ ಟ್ಯಾನಿನ್‌ಗಳಿಂದ ಉಗ್ರವಾದ ಆಮ್ಲಜನಕದ ಕಣಗಳು ಹುಟ್ಟಿ ಅವೂ ಡಿಎನ್‌ಎಗೆ ಹೊಡೆಯುತ್ತವೆ. ಜೊತೆಗೆ ಒರಟು ಚೂರುಗಳ ತಿಕ್ಕಾಟ. ಗಾಯವಾದಷ್ಟೂ ಜೀವಕೋಶ ಎರಡಾಗಬೇಕು. ಎರಡಾಗುವಾಗಲೇ ಕೆಟ್ಟ ಬರಹ ಪ್ರತಿಯಾಗಿ ಮುಂದಿನ ಜೀವಕೋಶಗಳಿಗೆ ದಾಟುವುದು. ನ್ಯೂಕ್ಲಿಯಸ್‌ನೊಳಗೆ ಇದನ್ನು ದುರಸ್ತಿ ಮಾಡುವ ಕಿಣ್ವಗಳಿವೆ. ಒಂದೊಂದು ಜೀವಕೋಶದಲ್ಲೂ ದಿನಕ್ಕೆ ಸಾವಿರಾರು ಸಣ್ಣ ಪೆಟ್ಟುಗಳನ್ನು ಅವು ಸರಿಮಾಡುತ್ತವೆ. ದುರಸ್ತಿ ಆಗದಿದ್ದರೆ ಪಿ53 ಅನ್ನುವ ಪ್ರೋಟೀನ್ ಆ ಜೀವಕೋಶವನ್ನು ತಡೆದು ನಿಲ್ಲಿಸುತ್ತದೆ, ಇಲ್ಲವೇ ಸಾಯಿಸುತ್ತದೆ. ದಿನಕ್ಕೆ ಏಳೆಂಟು ಸಲ, ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ ಒಂದು ದಿನ ಪಿ53ರ ಜೀನ್‌ಗೇ ಪೆಟ್ಟು ಬೀಳಬಹುದು. ಬಾಯಿ ಕ್ಯಾನ್ಸರ್‌ಗಳಲ್ಲಿ ತುಂಬಾ ಸಲ ಕೆಟ್ಟಿರುವ ಜೀನ್ ಅದೇ.

ಅಪ್ಪಯ್ಯನ ವಾದಕ್ಕೆ ಬರೋಣ. ಬೇಯಿಸಿದರೆ ಅರೆಕೋಲಿನ್ ಸ್ವಲ್ಪ ಬೇಯಿಸಿದ ನೀರಿಗೆ, ಅಂದರೆ ಚೊಗರಿಗೆ, ಇಳಿಯುತ್ತದೆ, ಅದು ನಿಜ. ಆದರೆ ಪೂರ್ತಿ ಹೋಗುವುದಿಲ್ಲ. ಹೋಗಿದ್ದರೆ ಬೇಯಿಸಿದ ಕೆಂಪಡಿಕೆ ಹಾಕಿದಾಗ ಕಿವಿ ಬಿಸಿಯಾಗುತ್ತಿರಲಿಲ್ಲ. ಮನೆಯದು, ಔಷಧಿ ಹೊಡೆಯದ್ದು ಅನ್ನುವುದೂ ಇಲ್ಲಿ ಲೆಕ್ಕಕ್ಕಿಲ್ಲ. ಅರೆಕೋಲಿನ್ ಅಡಿಕೆಯದೇ ಅಂಶ, ಯಾರೋ ಬೆರೆಸಿದ್ದಲ್ಲ. ಅವರ ಅಪ್ಪನಿಗೆ ಏನೂ ಆಗಲಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಜಗಿಯುವವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಆದರೆ ಅಪ್ಪಯ್ಯನ ವಿಷಯದಲ್ಲಿ ಈಗ ಊಹೆ ಮಾಡಬೇಕಾಗಿಲ್ಲ. ಅವರ ಗೆನ್ನೆಯೇ ಉತ್ತರ ಕೊಟ್ಟಿದೆ. ವೀಳ್ಯದೆಲೆಯ ಮೇಲೆ ಈ ದೂರು ಇಲ್ಲ, ತಾಂಬೂಲ ಕೊಡುವ ತಟ್ಟೆಯ ಮೇಲೂ ಇಲ್ಲ. ದೂರು ಇರುವುದು ಜಗಿಯುವುದರ ಮೇಲೆ.

ಮುಂದೇನು ಅನ್ನುವುದಕ್ಕೆ ದಾರಿಗಳು ಕೆಲವೇ.

ಮೊದಲನೆಯದು ಅಡಿಕೆ ಬಿಟ್ಟು, ಉಳಿದ ಕಾರಣಗಳನ್ನು ಸರಿಮಾಡಿ, ಕಾದು ನೋಡುವುದು. ಮೈಲ್ಡ್ ಡಿಸ್‌ಪ್ಲೇಸಿಯಾದಲ್ಲಿ ಸಾಮಾನ್ಯವಾಗಿ ಇಲ್ಲಿಂದಲೇ ಶುರು. ಚೂಪು ಹಲ್ಲಿದ್ದರೆ ದಂತವೈದ್ಯರ ಹತ್ತಿರ ಉಜ್ಜಿಸಿ. ಶಿಲೀಂಧ್ರ ಇದ್ದರೆ ಔಷಧಿ. ಬಿ12, ಹಿಮೋಗ್ಲೋಬಿನ್ ನೋಡಿಸಿ. ಆರರಿಂದ ಎಂಟು ವಾರದಲ್ಲಿ ಮತ್ತೆ ತೋರಿಸಿ. ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಡಾಲಿಯ ವಿಷಯದಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸುತ್ತಲಿನ ಪರಿಸರ ಬದಲಾದರೆ ನ್ಯೂಕ್ಲಿಯಸ್ಸಿನ ನಡೆಯೂ ಬದಲಾಗಬಹುದು. ಅಭ್ಯಾಸ ಬಿಟ್ಟ ಮೇಲೆ ಎಷ್ಟೋ ಬಿಳಿ ಮಚ್ಚೆಗಳು ಸಣ್ಣದಾಗುತ್ತವೆ, ಕೆಲವು ಹೋಗಿಯೇಬಿಡುತ್ತವೆ. ಆದರೆ ಬರಹವೇ ಕೆಟ್ಟಿರುವ ಜೀವಕೋಶಗಳು ಉಳಿದಿರಬಹುದು. ಮಚ್ಚೆ ಹೋಯಿತು ಅಂತ ತಪಾಸಣೆ ನಿಲ್ಲಿಸುವಂತಿಲ್ಲ. ಈ ದಾರಿಯ ದೊಡ್ಡ ಅಪಾಯವೇ ಅದು. ಮಳೆಗಾಲ ಬರುತ್ತದೆ, ಆಮೇಲೆ ಅಡಿಕೆ ಗೊನೆ ಕೊಯ್ಲು, ಸುಲಿತ, ಮದುವೆಗಳು. ‘ಮೈಲ್ಡ್ ಅಲ್ವಾ’ ಅಂತ ಎರಡು ವರ್ಷ ಹೋಗಿಬಿಡುತ್ತದೆ. ಇನ್ನೊಂದು ಅಪಾಯ, ಚೂರು ತೆಗೆದದ್ದು ಮಚ್ಚೆಯ ಒಂದು ಜಾಗದಿಂದ. ಪಕ್ಕದಲ್ಲೇ ಇದಕ್ಕಿಂತ ಕೆಟ್ಟ ಜಾಗ ಇರಬಹುದು. ಮಚ್ಚೆ ದೊಡ್ಡದಿದ್ದರೆ, ಎಲ್ಲಿಂದ ತೆಗೆದಿರಿ ಅಂತ ಡಾಕ್ಟರನ್ನು ಕೇಳಿ.

ಎರಡನೆಯದು ಮಚ್ಚೆಯನ್ನು ಪೂರ್ತಿ ತೆಗೆಸುವುದು. ಬ್ಲೇಡಿನಿಂದಲೋ ಲೇಸರಿನಿಂದಲೋ ತೆಗೆಯುತ್ತಾರೆ. ಬ್ಲೇಡಿನಲ್ಲಿ ತೆಗೆದರೆ ಇಡೀ ಮಚ್ಚೆ ನಮ್ಮ ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ, ಅದು ದೊಡ್ಡ ಲಾಭ. ಲೇಸರಿನಲ್ಲಿ ಸುಟ್ಟುಹಾಕಿಬಿಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ, ಇದನ್ನು ಮೊದಲೇ ಕೇಳಿಕೊಳ್ಳಿ. ನೋವು, ಗಾಯದ ಗುರುತು ಇದ್ದೇ ಇದೆ. ಮತ್ತೆ ಬರುವ ಸಾಧ್ಯತೆಯೂ ಇದೆ. ಅಡಿಕೆಯ ರಸ ಬಾಯಿಪೂರ್ತಿ ಹರಡಿರುವಾಗ ಒಂದು ಮಚ್ಚೆ ತೆಗೆದ ಮಾತ್ರಕ್ಕೆ ಉಳಿದ ಗೆನ್ನೆ ಹೊಸದಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ: ಮಚ್ಚೆ ಸಣ್ಣದಿದ್ದರೆ, ನಯವಾಗಿ ಬೆಳ್ಳಗಿದ್ದರೆ, ಮತ್ತು ಅಪ್ಪಯ್ಯ ನಿಜವಾಗಿಯೂ ಅಡಿಕೆ ಬಿಡುವುದಾದರೆ ಮೊದಲ ದಾರಿ ಸಾಕು. ಮಚ್ಚೆಯೊಳಗೆ ಕೆಂಪು ಕಂಡರೆ, ಒರಟಾದರೆ, ಅಥವಾ ಅವರು ಬಿಡುವವರಲ್ಲ ಅಂತ ನಿಮಗೆ ಖಾತ್ರಿ ಇದ್ದರೆ ತೆಗೆಸುವುದರ ಬಗ್ಗೆ ಬೇಗ ಮಾತಾಡಿ. ಕೊನೆಯ ತೀರ್ಮಾನ ಬಾಯಿ ನೋಡಿದ ಡಾಕ್ಟರದು. ನಾನು ಬಾಯಿ ನೋಡಿಲ್ಲ.

ಬ್ರಷ್‌ನಲ್ಲಿ ಕೆರೆದು ಪರೀಕ್ಷೆ ಮಾಡಿಸಿದರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿ ಬಿಡಿ ಜೀವಕೋಶ ಸಿಗುತ್ತದೆ, ಪದರ ಸಿಗುವುದಿಲ್ಲ. ಏರುಪೇರು ಎಷ್ಟು ಮೇಲಕ್ಕೆ ಏರಿದೆ, ಗೋಡೆ ಒಡೆದಿದೆಯಾ ಅಂತ ಅದರಿಂದ ಹೇಳಲು ಆಗದು.

ಡಿಎನ್‌ಎ ರಿಪೇರಿ ಕ್ಯಾಪ್ಸೂಲನ್ನು ವಾಪಸ್ ಕಳಿಸಿಬಿಡಿ. ಹೊಟ್ಟೆಗೆ ಹೋದ ಮಾತ್ರೆ ಗೆನ್ನೆಯ ನ್ಯೂಕ್ಲಿಯಸ್ ಹುಡುಕಿಕೊಂಡು ಹೋಗಿ ಕೆಟ್ಟ ಬರಹ ತಿದ್ದುತ್ತದೆ ಅನ್ನುವುದು ಸುಳ್ಳು. ವಿಟಮಿನ್ ಎ ಗುಂಪಿನ ಔಷಧಿಗಳಲ್ಲಿ ಮಚ್ಚೆ ಕೆಲವರಿಗೆ ಸಣ್ಣದಾಗುತ್ತದೆ ನಿಜ, ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಕ್ಯಾನ್ಸರ್ ತಡೆಯುತ್ತದೆ ಅನ್ನುವುದಕ್ಕೆ ಸಾಕ್ಷ್ಯ ಇಲ್ಲ. ‘ತಿಂದರೆ ನಷ್ಟ ಏನು’ ಅನ್ನುವ ಮಾತೂ ಬೇಡ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಅನ್ನುವ ನಿರೀಕ್ಷೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲೇ ಜಾಸ್ತಿಯಾಗಿತ್ತು.

ಅಡಿಕೆ ಬಿಡಿಸುವುದು ಬಾಯಿ ಮಾತಲ್ಲ. ಅರೆಕೋಲಿನ್ ನರಗಳ ಮೇಲೆ ಕೆಲಸ ಮಾಡುತ್ತದೆ. ಬಿಟ್ಟ ಮೊದಲ ಕೆಲವು ದಿನ ಸಿಡುಕು, ಮಂಕು, ಊಟ ಆದಮೇಲೆ ಏನೋ ಕಳಕೊಂಡ ಹಾಗೆ ಇರುತ್ತದೆ. ಬೈದರೆ ತೋಟದಲ್ಲಿ ಕದ್ದು ಹಾಕುತ್ತಾರೆ, ಅಷ್ಟೇ. ಎಲೆಯ ಜೊತೆ ಏಲಕ್ಕಿ, ಲವಂಗ, ಸೋಂಪು ಇಟ್ಟುಕೊಡಿ, ಅಡಿಕೆ ಸುಣ್ಣ ಬೇಡ. ಅಂಗಡಿಯ ‘ಸಿಹಿ ಅಡಿಕೆ’, ಪಾನ್ ಮಸಾಲ ಪರ್ಯಾಯ ಅಲ್ಲ, ಅದರಲ್ಲೂ ಇರುವುದು ಅಡಿಕೆಯೇ. ಮನೆಯಲ್ಲಿ ಬೇರೆಯವರು ಅವರೆದುರು ಕವಳ ಹಾಕದಿದ್ದರೆ ಅರ್ಧ ಕೆಲಸ ಆದಂತೆ.

ಮುಂದಿನ ತಪಾಸಣೆಯವರೆಗೆ ಕಾಯದೆ ಹೋಗಬೇಕಾದ ಲಕ್ಷಣಗಳು ಇವು: ಎರಡು ಮೂರು ವಾರವಾದರೂ ಮಾಯದ ಹುಣ್ಣು, ಮಚ್ಚೆ ಕೆಂಪಗಾಗುವುದು, ಕೈಗೆ ಗಟ್ಟಿ ಸಿಗುವುದು, ಕಾರಣವಿಲ್ಲದೆ ಹಲ್ಲು ಅಲ್ಲಾಡುವುದು, ಕುತ್ತಿಗೆಯಲ್ಲಿ ಗಂಟು. ಇನ್ನೊಂದು, ಬಾಯಿ ತೆರೆಯುವುದು ಕಡಿಮೆಯಾಗುವುದು. ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ, ಸಾರಿನ ಖಾರಕ್ಕೂ ಬಾಯಿ ಉರಿಯುತ್ತಿದ್ದರೆ, ಒಳಗೆ ನಾರು ಕಟ್ಟುತ್ತಿರಬಹುದು. ಅದೂ ಅಡಿಕೆಯದೇ ಕಾಯಿಲೆ. ಅದರ ಚಿಕಿತ್ಸೆ ಬೇರೆ, ಬಯಾಪ್ಸಿ ಮಾಡಿದವರಿಗೆ ತಪ್ಪದೆ ಹೇಳಿ.

ಕೊನೆಯದಾಗಿ ಎರಡನೇ ಅಭಿಪ್ರಾಯ. ಗ್ರೇಡ್ ಬಗ್ಗೆ ಅನುಮಾನ ಇದ್ದರೆ ಮತ್ತೆ ಚೂರು ತೆಗೆಸಬೇಕಾಗಿಲ್ಲ. ಮೊದಲ ಲ್ಯಾಬಿನಲ್ಲಿ ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ ಕೇಳಿ. ಬರೆದುಕೊಟ್ಟರೆ ಕೊಡುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಲ್ಲೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ, ಬಾಯಿಯ ಪೆಥಾಲಜಿ ವಿಭಾಗ ಇರುವ ದಂತ ಕಾಲೇಜಿನಲ್ಲೋ ಅದನ್ನೇ ಮತ್ತೊಬ್ಬರು ನೋಡಬಹುದು. ಮೊದಲ ರಿಪೋರ್ಟಿನ ಪ್ರತಿ ಜೊತೆಗಿರಲಿ, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ ಕವಳ ಅಂತಲೂ ಒಂದು ಚೀಟಿಯಲ್ಲಿ ಬರೆದಿಡಿ, ನಮಗೆ ಅದು ತುಂಬಾ ಉಪಯೋಗ. ಬ್ಲಾಕ್ ಅಂದರೆ ಮೇಣದಲ್ಲಿ ಹುದುಗಿಸಿದ ಚೂರು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ.